ಕಾರಿನೊಳಗಿದ್ದ ಮನೆಯವರಿಗೆ ಪರಿಹಾರ ಕೊಡುವವರು ಯಾರು?

ಶಿರಾಡಿ ಘಾಟಿಯ ತಿರುವಿನಲ್ಲಿ ಮಳೆಗೆ ಕಾರು ಜಾರಿ ತಡೆಗೋಡೆಗೆ ಬಡಿಯಿತು ಎಂದಿಟ್ಟುಕೊಳ್ಳಿ. ಎದುರಿಗೆ ಬೇರೆ ವಾಹನ ಇರಲಿಲ್ಲ. ಓಡಿಸುತ್ತಿದ್ದವರು ಮನೆಯ ಯಜಮಾನರು, ಕಾರೂ ಅವರ ಹೆಸರಿನದೇ. ಪಕ್ಕದಲ್ಲಿದ್ದ ಹೆಂಡತಿಯ ಕಾಲು ಮುರಿದಿದೆ, ಹಿಂದಿನ ಸೀಟಿನಲ್ಲಿದ್ದ ತಾಯಿಗೆ ತಲೆಗೆ ಪೆಟ್ಟಾಗಿದೆ. ಇನ್ಶೂರೆನ್ಸ್ ಕಟ್ಟಿದ್ದೇವಲ್ಲ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಆ ಇನ್ಶೂರೆನ್ಸ್ ಯಾರ ಪಾಲಿಗೆ ಎಷ್ಟು ಬರುತ್ತದೆ ಎಂಬುದು ಮಾತ್ರ ಎಷ್ಟೋ ಮನೆಗಳಿಗೆ ತಿಳಿಯುವುದು ಆಸ್ಪತ್ರೆಯ ಬಿಲ್ಲು ಕೈಗೆ ಬಂದ ಮೇಲೆ.

ಮೊದಲು ಜೀವ ಉಳಿಯಬೇಕು. 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಸಹ ಇದೆ. ಪೊಲೀಸರು ಬರಲಿ, ಕಾಗದಪತ್ರ ಆಗಲಿ ಎಂದು ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಸ್ಪಷ್ಟಪಡಿಸಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರವೂ ಇದು ವೈದ್ಯರ ಕರ್ತವ್ಯ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಪ್ರತಿ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂಪಾಯಿಯ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ಸಿಗುತ್ತದೆ. ತಪ್ಪು ಯಾರದು ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ದಾಖಲಿಸುವಾಗಲೇ ಬಾಯಿಬಿಟ್ಟು ಕೇಳಿ. ಕೇಳದವರಿಗೆ ತಾನಾಗಿ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ದಾರಿಹೋಕರು ನಿಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ್ದರೆ ಅವರಿಗೂ ರಕ್ಷಣೆ ಇದೆ. ಹೆಸರು, ವಿಳಾಸ ಕೊಡಲೇಬೇಕೆಂದು ಅವರನ್ನು ಯಾರೂ ಒತ್ತಾಯಿಸುವಂತಿಲ್ಲ. ಇಂಥ ನೆರವಿಗರ ರಕ್ಷಣೆಗೆ ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾಯ್ದೆ ರೂಪಿಸಿದೆ.

ಬಹಳ ಮನೆಗಳು ಎಡವುವುದು ದೂರಿನ ವಿಷಯದಲ್ಲಿ. "ನಮ್ಮದೇ ಕಾರು, ನಾವೇ ಗುದ್ದಿಕೊಂಡಿದ್ದು, ಯಾರ ಮೇಲೆ ಕೇಸು ಕೊಡೋದು?" ಎಂದು ಸುಮ್ಮನಾಗುತ್ತಾರೆ. ಯಾರಿಗಾದರೂ ಗಾಯವಾಗಿದ್ದರೆ ಚಾಲಕ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಅಪಘಾತ ಸಕಲೇಶಪುರದ ಬಳಿ ಆಗಿ ಗಾಯಾಳು ಮಂಗಳೂರಿನಲ್ಲಿದ್ದರೆ ಅಲ್ಲಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಆಸ್ಪತ್ರೆಯಲ್ಲಿ "ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿದ್ದೀರಾ?" ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹೇಗೆ ಪೆಟ್ಟಾಯಿತು ಎಂದು ದಾಖಲಾತಿಯ ಹೊತ್ತಿಗೆ ಬರೆಸಿದ ಆ ಒಂದು ಸಾಲನ್ನು ಮುಂದೆ ವಿಮಾ ಕಂಪನಿಯ ವಕೀಲರು ಅಕ್ಷರ ಬಿಡದೆ ಓದುತ್ತಾರೆ. ಗಾಬರಿಯಲ್ಲಿ "ಮನೆಯಲ್ಲಿ ಜಾರಿ ಬಿದ್ದರು" ಎಂದು ಬರೆಸಿಬಿಟ್ಟರೆ ಅದನ್ನು ಅಳಿಸುವುದು ಬಲು ಕಷ್ಟ. ಲೈಸೆನ್ಸ್ ಇಲ್ಲದ ಮಗ ಓಡಿಸುತ್ತಿದ್ದಾಗ ಅಪ್ಪನ ಹೆಸರು ಹೇಳಿ ಎಂದು ಸಲಹೆ ಕೊಡುವವರೂ ಇರುತ್ತಾರೆ. ಅದು ಅಪರಾಧ, ಇಡೀ ಪರಿಹಾರವೇ ಕೈತಪ್ಪುವ ಅಪಾಯವೂ ಇದೆ.

ಇನ್ನು ಪಾಲಿಸಿ. ಅದರ ಮೊದಲ ಪುಟದ ತಲೆಬರಹ ನೋಡಿ. "ಲಯಬಿಲಿಟಿ ಓನ್ಲಿ" ಎಂದಿದ್ದರೆ ಅದು ಬರೀ ಥರ್ಡ್ ಪಾರ್ಟಿ ವಿಮೆ. ನಿಮ್ಮ ಕಾರು ಗುದ್ದಿದ ಪಾದಚಾರಿಗೆ, ಎದುರಿನ ಬೈಕ್ ಸವಾರನಿಗೆ ಕಂಪನಿ ಪರಿಹಾರ ಕೊಡುತ್ತದೆ. ನಿಮ್ಮ ಪಕ್ಕದಲ್ಲೇ ಕುಳಿತ ಹೆಂಡತಿಗೆ, ಹಿಂದಿದ್ದ ತಾಯಿಗೆ ಕೊಡುವ ಹೊಣೆ ಅದಕ್ಕಿಲ್ಲ. ಬೀದಿಯ ಅಪರಿಚಿತನಿಗೆ ಇರುವ ರಕ್ಷೆ ಸ್ವಂತ ತಾಯಿಗೆ ಇಲ್ಲ ಎಂಬುದು ನನಗೆ ಇಂದಿಗೂ ಒಪ್ಪಿಗೆಯಾಗದ ಮಾತು, ಆದರೆ ಸದ್ಯದ ಕಾನೂನು ಹಾಗೇ ಇದೆ. "ಪ್ಯಾಕೇಜ್" ಅಥವಾ "ಕಾಂಪ್ರಹೆನ್ಸಿವ್" ಪಾಲಿಸಿಯಾದರೆ ಖಾಸಗಿ ಕಾರಿನಲ್ಲಿ ಕುಳಿತವರೂ ಅದರ ವ್ಯಾಪ್ತಿಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ಸುತ್ತೋಲೆಯಲ್ಲಿ ಖಚಿತಪಡಿಸಿದೆ. ಹೊಸ ಕಾರು ಕೊಂಡವರು ಇನ್ನೊಂದು ವಿಷಯ ಗಮನಿಸಬೇಕು: ಮೂರು ವರ್ಷಕ್ಕೆ ಕಟ್ಟಿಸಿಕೊಳ್ಳುವುದು ಥರ್ಡ್ ಪಾರ್ಟಿ ಭಾಗವನ್ನು. ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಅದನ್ನು ನವೀಕರಿಸದೆ ಬಿಟ್ಟರೆ ಪ್ಯಾಕೇಜ್ ಇದೆ ಎಂದುಕೊಂಡೇ ಥರ್ಡ್ ಪಾರ್ಟಿಯಲ್ಲಿ ಓಡಾಡುತ್ತಿರುತ್ತೀರಿ.

ಪ್ಯಾಕೇಜ್ ಇದ್ದರೂ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕುವಾಗ ಗಂಡನನ್ನೇ ಎದುರುದಾರನನ್ನಾಗಿ ಕಾಣಿಸಿ, ಅವರ ಅಜಾಗರೂಕತೆಯಿಂದ ಅಪಘಾತವಾಯಿತು ಎಂದು ಬರೆಯಬೇಕಾಗುತ್ತದೆ. ಇಲ್ಲಿಗೆ ಬಂದು ಹಿಂಜರಿಯುವ ಹೆಣ್ಣುಮಕ್ಕಳು ಬಹಳ. ಗಂಡನ ಮೇಲೆ ಕೇಸು ಹಾಕಿದಳು ಎಂಬ ಮಾತಿಗೆ ಅಂಜುತ್ತಾರೆ. ಪಾಲಿಸಿ ಊರ್ಜಿತವಾಗಿದ್ದು ಅದರ ಷರತ್ತುಗಳನ್ನು ಮೀರಿರದಿದ್ದರೆ ಹಣ ಕಟ್ಟುವುದು ವಿಮಾ ಕಂಪನಿ. ನಡೆದದ್ದನ್ನು ನಡೆದಂತೆ ಹೇಳುವುದರಲ್ಲಿ ಸಂಸಾರಕ್ಕೆ ದ್ರೋಹವಿಲ್ಲ.

ಚಾಲಕನ ಲೆಕ್ಕವೇ ಬೇರೆ. 2014ರಲ್ಲಿ ಅರಸೀಕೆರೆ ಕಡೆಗೆ ಮನೆಯವರೊಂದಿಗೆ ಹೊರಟಿದ್ದ ಕಾರೊಂದು ಪಲ್ಟಿಯಾಗಿ ಚಾಲಕರು ತೀರಿಕೊಂಡರು. ಅವರ ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತು. ಅತಿವೇಗ ಮತ್ತು ಅಜಾಗರೂಕ ಚಾಲನೆಯಿಂದ ತಾವೇ ಅಪಘಾತಕ್ಕೆ ಕಾರಣರಾದವರ ವಾರಸುದಾರರು 166ನೇ ಕಲಮಿನಡಿ ಪರಿಹಾರ ಕೇಳಲಾಗದು ಎಂದು ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಇಂಥ ಸಂದರ್ಭದಲ್ಲಿ ಕಾರಿನ ಪಾಲಿಸಿಯಿಂದ ಕುಟುಂಬದ ಕೈಹಿಡಿಯಬಹುದಾದದ್ದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ರೂಪಾಯಿಯದು. ಅದು ಮಾಲೀಕರಿಗೆ, ಅದೂ ಚಾಲನಾ ಪರವಾನಗಿ ಊರ್ಜಿತವಾಗಿದ್ದರೆ ಮಾತ್ರ. ಅಪ್ಪನ ಕಾರು ಓಡಿಸುವ ಮಗನಿಗೆ ಅನ್ವಯಿಸದು. ಮಗನಿಗೂ ಉಳಿದವರಿಗೂ ರಕ್ಷೆ ಬೇಕೆಂದರೆ ಪಾಲಿಸಿ ಮಾಡಿಸುವಾಗಲೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು.

ಬೇರೊಂದು ವಾಹನ ಗುದ್ದಿದ್ದರೆ ದಾರಿ ಸುಲಭ. ತಪ್ಪು ಸಾಬೀತುಪಡಿಸದೆಯೇ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಪೂರ್ಣ ನಷ್ಟಕ್ಕೆ ಪರಿಹಾರ ಬೇಕೆಂದರೆ ತಪ್ಪು ಸಾಬೀತುಪಡಿಸಿ 166ನೇ ಕಲಮಿನಡಿ ಕೇಳಬೇಕು. ಗುದ್ದಿದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ರಸ್ತೆ ಬದಿಯಲ್ಲೇ ಒಂದಿಷ್ಟು ನೋಟು ಎಣಿಸಿ "ರಾಜಿ ಆಗೋಣ" ಎನ್ನುವವರ ಮಾತಿಗೆ ಸಹಿ ಹಾಕಬೇಡಿ. ತಲೆಯ ಒಳಪೆಟ್ಟು ಎಷ್ಟೆಂದು ಆ ಹೊತ್ತಿನಲ್ಲಿ ಯಾರಿಗೂ ತಿಳಿಯದು.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತವಾದ ಊರಿಗೇ ಅಲೆಯಬೇಕಿಲ್ಲ, ನೀವು ವಾಸವಿರುವ ಕಡೆಯೇ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೆಲಸ ಮಾಡುತ್ತದೆ. ಗಡುವು ಅಪಘಾತದ ದಿನದಿಂದ ಆರು ತಿಂಗಳು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ ಎಂಬುದನ್ನು ನೆಚ್ಚಿ ತಡಮಾಡಬೇಡಿ. ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಔಷಧಿಯ ಪ್ರತಿಯೊಂದು ಬಿಲ್ಲು ಜೋಡಿಸಿಡಿ. ಹೆಂಡತಿಗೆ ಸಂಬಳ ಇಲ್ಲ ಎಂದು ಅವರ ನಷ್ಟವನ್ನು ಕಡಿಮೆ ಅಂದಾಜಿಸಬೇಡಿ; ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೆ ಒತ್ತಿ ಹೇಳಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನ್ಯಾಯಮಂಡಳಿ ಕೊಟ್ಟ ಮೊತ್ತ ಸಾಲದೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು.