ಮಾತಿಲ್ಲದ ಗುರುಗಳು

ಭಾಗವತ ಪುರಾಣದ ಹನ್ನೊಂದನೆಯ ಸ್ಕಂಧದಲ್ಲಿ ಒಬ್ಬ ಅವಧೂತನ ಪ್ರಸಂಗ ಬರುತ್ತದೆ. ಮನೆಮಠಗಳ ಹಂಗಿಲ್ಲದೆ, ಮುಖದಲ್ಲಿ ಚಿಂತೆಯ ಗೆರೆಯೊಂದೂ ಇಲ್ಲದೆ ತಿರುಗುತ್ತಿದ್ದ ಆ ತರುಣನನ್ನು ಕಂಡು ಯದುರಾಜನು ಬೆರಗಾದನು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಂತಹ ತಿಳಿವು ಎಲ್ಲಿಂದ ಬಂದಿತೆಂದು ಕೇಳಿದನು. ತನಗೆ 24 ಮಂದಿ ಗುರುಗಳುಂಟೆಂದು ಅವಧೂತನು ಉತ್ತರಿಸಿದನು. ಆ ಗುರುಗಳಾದರೂ ಯಾರು? ಭೂಮಿ, ಗಾಳಿ, ಆಕಾಶ, ನೀರು, ಬೆಂಕಿ, ಸೂರ್ಯ, ಚಂದ್ರ, ಕಡಲು, ಪಾರಿವಾಳ, ಹೆಬ್ಬಾವು, ಪತಂಗ, ಜೇನುನೊಣ, ಜಿಂಕೆ, ಮೀನು, ಜೇಡ ಮೊದಲಾದವು ಆ ಪಟ್ಟಿಯಲ್ಲಿವೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ತುಳಿದವರನ್ನೂ ಹೊತ್ತುಕೊಳ್ಳುವ ಭೂಮಿಯಿಂದ ಅವಧೂತನು ತಾಳ್ಮೆಯನ್ನು ಕಲಿತನು. ಆದರೆ ದೀಪಕ್ಕೆ ಬಿದ್ದು ಸುಟ್ಟುಹೋಗುವ ಪತಂಗದಿಂದಲೂ, ನಾಲಗೆಯ ಚಪಲದಿಂದ ಗಾಳಕ್ಕೆ ಸಿಕ್ಕುವ ಮೀನಿನಿಂದಲೂ ಅವನು ಕಲಿತದ್ದು ಹೇಗೆ ಬಾಳಬಾರದೆಂಬ ಪಾಠವನ್ನು. ಭೂಮಿಯೂ ಬಾಯಿಬಿಟ್ಟು ಹೇಳಲಿಲ್ಲ, ಪತಂಗವೂ ಹೇಳಲಿಲ್ಲ. ನೋಡಿದವನೂ ಅವನೇ, ಯೋಚಿಸಿದವನೂ ಅವನೇ, ಸರಿತಪ್ಪುಗಳನ್ನು ತೂಗಿದವನೂ ಅವನೇ. ಪ್ರಕೃತಿಯೆಂಬ ಶಾಲೆಯಲ್ಲಿ ಗುರುಗಳು ಅಸಂಖ್ಯರಿದ್ದರೂ ವಿವೇಕವನ್ನು ಮಾತ್ರ ವಿದ್ಯಾರ್ಥಿಯೇ ತರಬೇಕು.

ಕನ್ನಡ ನಾಡಿನ ರೈತನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಸುಮಾರು 13–14 ದಿನಗಳ ಅವಧಿಯನ್ನು ಒಂದೊಂದು ಮಳೆಯೆಂದು ಹೆಸರಿಸಿ ಅವನು ತನ್ನ ವರ್ಷವನ್ನು ಹಂಚಿಕೊಂಡಿದ್ದಾನೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂಬ ಹೆಸರುಗಳು ಅವನಿಗೆ ಮನೆಯ ಮಕ್ಕಳ ಹೆಸರುಗಳಷ್ಟೇ ಪರಿಚಿತ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂದೂ, ‘ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆಮಗ ಉಂಡಷ್ಟು ಒಳ್ಳೆಯದು’ ಎಂದೂ ಗಾದೆಗಳು ಹುಟ್ಟಿದ್ದು ಹೀಗೆ. ತಲೆಮಾರುಗಳ ಕಾಲ ಮುಗಿಲನ್ನು ನೋಡಿದವರ ಅನುಭವವೇ ಈ ಚಿಕ್ಕ ಮಾತುಗಳಲ್ಲಿ ಗಟ್ಟಿಗೊಂಡಿದೆ.

ಮಳೆ ಬಂದೊಡನೆ ರೈತನು ನೇಗಿಲು ಹೂಡುವುದಿಲ್ಲ. ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡುತ್ತಾನೆ. ಮಣ್ಣು ಮೆತ್ತಗೆ ಕೈಗೆ ಅಂಟಿದರೆ ತೇವ ಹೆಚ್ಚಾಗಿದೆ. ಆಗ ಉತ್ತರೆ ನೆಲ ಹೆಂಟೆಗಟ್ಟುತ್ತದೆ. ಉಂಡೆಯೇ ಆಗದೆ ಪುಡಿಪುಡಿಯಾಗಿ ಉದುರಿದರೆ ತೇವ ಆರಿಹೋಗಿದೆ. ಆಗ ಬಿತ್ತಿದರೆ ಬೀಜ ಮೊಳೆಯದು. ಉಂಡೆಯಾಗಿ ನಿಂತು, ಬೆರಳು ಸೋಕಿದೊಡನೆ ಬಿಚ್ಚಿಕೊಂಡರೆ ಅದೇ ‘ಹದ’. ಹದ ಬರುವ ತನಕ ಅವನು ಕಾಯುತ್ತಾನೆ. ಕಾಯುವಾಗ ಸುಮ್ಮನೆ ಕೂರುವುದಿಲ್ಲ. ನೇಗಿಲನ್ನು ಸರಿಪಡಿಸುತ್ತಾನೆ, ಬೀಜವನ್ನು ಹಸನುಮಾಡುತ್ತಾನೆ, ಎತ್ತುಗಳನ್ನು ಉಪಚರಿಸುತ್ತಾನೆ. ಹದ ಬಂದ ದಿನ ಮಾತ್ರ ಅವನಿಗೆ ಹಗಲು ಸಾಲದು. ಅವಸರಕ್ಕೂ ಆಲಸ್ಯಕ್ಕೂ ನಡುವೆ ಇರುವ ಈ ಸಣ್ಣ ಎಡೆಯನ್ನು ಗುರುತಿಸುವುದೇ ಕೆಲಸದ ಜಾಣ್ಮೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಹುಡುಗನಿಗೂ, ಸಿಟ್ಟು ಬಂದ ಕ್ಷಣದಲ್ಲೇ ಗೆಳೆಯನಿಗೆ ಬಿರುನುಡಿಯಾಡುವ ಹುಡುಗಿಗೂ ಹದದ ಅರಿವು ಬೇಕು. ಒಬ್ಬನು ಹದ ಮೀರಿದ ಮೇಲೆ ಬಿತ್ತುತ್ತಾನೆ. ಮತ್ತೊಬ್ಬಳು ಹದ ಬರುವ ಮೊದಲೇ ಉಳುತ್ತಾಳೆ.

ಮಳೆ ಗಾದೆಯ ಮಾತನ್ನು ಯಾವಾಗಲೂ ನಡೆಸಿಕೊಡುವುದಿಲ್ಲ. ರೋಹಿಣಿಯೂ ಬರಿದಾಗಿ, ಆರಿದ್ರೆಯೂ ಒಣಗಿ ಕಳೆದ ವರ್ಷಗಳುಂಟು. ಅಂತಹ ವರ್ಷದಲ್ಲಿ ತಿಳಿದ ರೈತನು ಗಾದೆಯನ್ನು ಹಿಡಿದುಕೊಂಡು ಕೂರುವುದಿಲ್ಲ. ದೀರ್ಘಾವಧಿಯ ರಾಗಿಯನ್ನು ಬಿಟ್ಟು ಅಲ್ಪಾವಧಿಯ ತಳಿಯನ್ನು ಆರಿಸಿಕೊಳ್ಳುತ್ತಾನೆ. ಅದಕ್ಕೂ ಕಾಲ ಮೀರಿದರೆ ಹುರುಳಿ ಚೆಲ್ಲುತ್ತಾನೆ. 1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯ ಮುನ್ಸೂಚನೆಗೂ ಕಿವಿಗೊಡುತ್ತಾನೆ. ಹಿರಿಯರು ಕಂಡದ್ದನ್ನು ಗೌರವಿಸುತ್ತಲೇ ತನ್ನ ಕಣ್ಣಿನಿಂದಲೂ ನೋಡುವುದು ಅವನು ಕಲಿತ ಎರಡನೆಯ ಪಾಠ.

ಬೆಳೆಯೂ ಒಂದು ಮಾತನ್ನು ಕಲಿಸುತ್ತದೆ. ರಾಗಿಯ ಪೈರು ಗೇಣುದ್ದ ಬೆಳೆಯುವ ಹೊತ್ತಿಗೆ ರೈತನು ಅದರ ಮೇಲೆಯೇ ಹಲುಬೆಯನ್ನು ಹಾಯಿಸುತ್ತಾನೆ. ಕಂಡವರಿಗೆ ಇದು ಕ್ರೂರವೆನಿಸಬಹುದು. ಎಳೆಯ ಪೈರು ಬಾಗಿ, ನಲುಗಿ, ಮಣ್ಣಿಗೊರಗುತ್ತದೆ. ಕೆಲವು ದಿನ ಕಳೆಯುವಷ್ಟರಲ್ಲಿ ಅದೇ ಪೈರು ಬುಡದಿಂದ ಹೊಸ ತೆಂಡೆಗಳನ್ನೊಡೆದು ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ಕಷ್ಟವು ಮನುಷ್ಯನನ್ನು ಗಟ್ಟಿಗೊಳಿಸುತ್ತದೆಂಬ ಮಾತಿಗೆ ಇದೊಂದು ಒಳ್ಳೆಯ ನಿದರ್ಶನ. ಆದರೆ ಇಲ್ಲಿಯೂ ವಿವೇಕ ಬೇಕು. ರೈತನು ಹಲುಬೆ ಹಾಯಿಸುವುದು ನೆಲದಲ್ಲಿ ತೇವವಿರುವಾಗ, ಪೈರಿಗೆ ಮತ್ತೆ ಏಳುವ ಕಸುವಿರುವಾಗ ಮಾತ್ರ. ಬಾಡುತ್ತಿರುವ ಪೈರಿನ ಮೇಲೆ ಹಾಯಿಸಿದರೆ ಅದು ಅಲ್ಲಿಗೇ ಮುಗಿಯಿತು. ಪರರ ಕಷ್ಟವನ್ನು ಕಂಡು ‘ಅದೂ ಒಳ್ಳೆಯದಕ್ಕೇ’ ಎಂದು ಸುಲಭವಾಗಿ ಹೇಳಿಬಿಡುವವರು ರಾಗಿಯ ಹೊಲದಲ್ಲಿ ಅರ್ಧ ಪಾಠವನ್ನಷ್ಟೇ ಓದಿದವರು.

ಪ್ರಕೃತಿಯಲ್ಲಿ ಕಂಡದ್ದೆಲ್ಲವೂ ಅನುಕರಣೀಯವಲ್ಲವೆಂಬುದಕ್ಕೆ ಕೋಗಿಲೆಯೇ ಸಾಕ್ಷಿ. ವಸಂತದ ಇಂಪಾದ ದನಿಗಾಗಿ ಎಲ್ಲರೂ ಹೊಗಳುವ ಈ ಹಕ್ಕಿ ತಾನೇ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಕರ್ಕಶವೆಂದು ಜನ ಜರೆಯುವ ಕಾಗೆ ಆ ಮರಿಗೆ ಗುಟುಕು ಕೊಟ್ಟು ಸಾಕುತ್ತದೆ. ಕೋಗಿಲೆಯದು ತಪ್ಪಲ್ಲ, ಅದು ಅದರ ಸ್ವಭಾವ. ಆದರೆ ತನ್ನ ಹೊಣೆಯನ್ನು ಇನ್ನೊಬ್ಬರ ಮನೆಯಲ್ಲಿಟ್ಟು ತಾನು ಹಾಡುತ್ತ ಕೂರುವ ಮನುಷ್ಯನು ಸ್ವಭಾವದ ಹೆಸರು ಹೇಳಿ ಪಾರಾಗುವಂತಿಲ್ಲ.

ಹಕ್ಕಿಗಳಿಂದ ಒಂದು ಊರೇ ಕಲಿತ ನಿದರ್ಶನವೂ ನಮ್ಮ ನಾಡಿನಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಗ್ರಾಮವಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಚಳಿಗಾಲದ ಹೊತ್ತಿಗೆ ಅಲ್ಲಿಗೆ ಬಂದು, ಊರ ನಡುವಿನ ಹುಣಸೆ ಮೊದಲಾದ ಮರಗಳಲ್ಲಿ ಗೂಡು ಕಟ್ಟಿ, ಮರಿಮಾಡಿ, ಮಳೆಗಾಲದ ಮೊದಲಿಗೆ ಹೊರಟುಹೋಗುತ್ತವೆ. ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲದೊಳಕ್ಕೇ ತಲೆಯಿಟ್ಟು ಮೀನು ತಿನ್ನುವ ನೋಟ ಅಲ್ಲಿನ ಮಕ್ಕಳಿಗೆ ಮನೆಯಂಗಳದಲ್ಲೇ ಕಾಣಸಿಗುತ್ತದೆ. ಊರಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಂದೊಮ್ಮೆ ಪ್ಲೇಗು ಬಂದು ಜನ ಊರನ್ನೇ ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದು ಅಲ್ಲಿನ ಹಿರಿಯರು ಹೇಳುವುದುಂಟು.

ತವರಿನ ಸಂಬಂಧವೆಂದರೆ ಬರಿಯ ಮಾತಲ್ಲ. ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಗೂಡುಗಳ ಕೆಳಗೆ ಹಿಕ್ಕೆ ಬೀಳುತ್ತದೆ, ಮೀನಿನ ನಾತ ಹಬ್ಬುತ್ತದೆ, ಹಗಲಿರುಳೂ ಸದ್ದು. ಹಕ್ಕಿ ಕುಳಿತ ಮರದ ಹುಣಸೆಹಣ್ಣನ್ನು ಬಡಿಯುವಂತಿಲ್ಲ. ಊರಿನವರು ಇದನ್ನೆಲ್ಲ ಸಹಿಸಿಕೊಂಡರು. ಬಿದ್ದ ಹಿಕ್ಕೆಯನ್ನು ಮಣ್ಣಿನೊಡನೆ ಸೇರಿಸಿ ಹೊಲಕ್ಕೆ ಗೊಬ್ಬರಮಾಡಿಕೊಂಡರು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ವಿಶೇಷವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹುಣಸೆಯ ಫಸಲನ್ನು ಬಿಟ್ಟುಕೊಟ್ಟ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನವನ್ನು ಕೊಡತೊಡಗಿತು. 1990ರ ದಶಕದಲ್ಲಿ ಊರಿನ ತರುಣರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸಕ್ಕೆ ತೊಡಗಿದರು. 2007ರಲ್ಲಿ ಈ ತಾಣವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಆದರೂ ಆತಂಕ ನೀಗಿಲ್ಲ. 2017–18ರಲ್ಲಿ ಹಲವು ಹೆಜ್ಜಾರ್ಲೆಗಳು ಜಂತುಹುಳುಗಳ ಬಾಧೆಯಿಂದ ಸತ್ತವು. ಹಕ್ಕಿಗೆ ಮರವೊಂದಿದ್ದರೆ ಸಾಲದು. ಮೀನಿರುವ ಕೆರೆ ಬೇಕು, ಕೆರೆಯಲ್ಲಿ ಶುದ್ಧವಾದ ನೀರು ಬೇಕು. ಮನೆಯ ಮಗಳನ್ನು ಕರೆದು ಕೂರಿಸಿದ ಮೇಲೆ ಊಟಕ್ಕೂ ವ್ಯವಸ್ಥೆ ಮಾಡಬೇಕಲ್ಲವೆ? ಹತ್ತು ಊರುಗಳ ಕೆರೆಗಳು ಕೆಟ್ಟರೆ ಒಂದು ಊರಿನ ಪ್ರೀತಿ ಹಕ್ಕಿಗಳನ್ನು ಕಾಯಲಾರದು. ಒಲವಿಗೆ ತಿಳಿವಳಿಕೆಯೂ ಜೊತೆಗೂಡಬೇಕೆಂಬುದು ಬೆಳ್ಳೂರಿನ ಹಕ್ಕಿಗಳು ಹೇಳಿಕೊಡುವ ಪಾಠ.

ಇದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಗಳಿಗೂ ಹಿಂದಿನ ಒಂದು ಕಲ್ಲು ದೊರೆಯಿತು. ಕ್ರಿ.ಶ. 949–50ರ ಆ ಶಾಸನವು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುವ ಚಿತ್ರವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲವದು. ಆ ಯುದ್ಧದಲ್ಲಿ ಮೆರೆದ ಮಣಲರತನೆಂಬ ವೀರನಿಗೆ, ಮೆಚ್ಚಿದ್ದನ್ನು ಬೇಡಿಕೊಳ್ಳೆಂದು ಅರಸನು ಹೇಳಿದನು. ಊರನ್ನು ಕೇಳಬಹುದಿತ್ತು, ಹೊನ್ನನ್ನು ಕೇಳಬಹುದಿತ್ತು. ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಬೆಳ್ತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೇ ಸತ್ತವು. ಮಣಲರತನು ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುವುದೆಂದೂ ಶಾಸನದಲ್ಲಿ ಬರೆಸಲಾಗಿದೆ.

ಯುದ್ಧದಲ್ಲಿ ಮಡಿದ ವೀರರಿಗೆ ಕಲ್ಲು ನಿಲ್ಲಿಸುವ ನಾಡಿನಲ್ಲಿ ನಾಯಿಯೊಂದಕ್ಕೂ ಆ ಮನ್ನಣೆ ಸಂದಿತು. ಕಾಳಿ ಯಾರ ಹೊಗಳಿಕೆಗಾಗಿಯೂ ಹೋರಾಡಲಿಲ್ಲ; ಒಡೆಯನು ಬಿಟ್ಟನು, ಅದು ನುಗ್ಗಿತು. ಮೂಕಪ್ರಾಣಿ ಕೊಟ್ಟದ್ದನ್ನು ಲೆಕ್ಕವಿಡುವುದಿಲ್ಲ. ಆದುದರಿಂದಲೇ ಲೆಕ್ಕವಿಡಬೇಕಾದ ಹೊಣೆ ಪಡೆದವನ ಮೇಲಿದೆ. ಮಣಲರತನು ಆ ಲೆಕ್ಕವನ್ನು ಕಲ್ಲಿನ ಮೇಲೆ ಬರೆಸಿದನು.

ಎಲ್ಲರೂ ಕಲ್ಲು ನಿಲ್ಲಿಸಬೇಕಾಗಿಲ್ಲ. ಮನೆಯ ಬಾಗಿಲಲ್ಲಿ ಕಾದು ಮಲಗುವ ನಾಯಿಗೆ ಹೊತ್ತಿಗೆ ಸರಿಯಾಗಿ ಒಂದು ತುತ್ತು ಹಾಕುವುದು, ಕೊಟ್ಟಿಗೆಯ ಹಸುವಿನ ಬಾನಿಯಲ್ಲಿ ನೀರು ಬತ್ತದಂತೆ ನೋಡಿಕೊಳ್ಳುವುದು, ಬೆಕ್ಕಿನ ಮರಿಯ ಗಾಯಕ್ಕೆ ಮದ್ದು ಹಚ್ಚುವುದು ಇಷ್ಟೇ ಸಾಕು. ಪ್ರಾಣಿಯನ್ನು ಸಾಕಿದ ಬಾಲಕನಿಗೆ ‘ನಾಳೆ ಮಾಡೋಣ’ ಎಂಬ ಮಾತು ನಡೆಯುವುದಿಲ್ಲ. ಹಸಿವು ನಾಳೆಯವರೆಗೆ ಕಾಯದು. ಭಾನುವಾರವೆಂದು ಹಸು ಹುಲ್ಲನ್ನು ಬಿಡದು. ಹೀಗೆ ಪ್ರತಿದಿನದ ಸಣ್ಣ ಕರ್ತವ್ಯದಿಂದ ಅವನಲ್ಲಿ ಶಿಸ್ತು ಬೇರೂರುತ್ತದೆ. ಮಾತನಾಡದ ಜೀವದ ನೋವನ್ನು ಅದರ ಕಣ್ಣಿನಲ್ಲಿ ಓದಲು ಕಲಿತವನು, ಮಾತನಾಡಲು ಅಂಜಿ ಮೂಲೆಯಲ್ಲಿ ಕುಳಿತ ಸಹಪಾಠಿಯ ನೋವನ್ನೂ ಓದಬಲ್ಲನು. ಇದಕ್ಕೆ ವಿರುದ್ಧವಾಗಿ, ಮರಿಯಾಗಿದ್ದಾಗ ಮುದ್ದಾಡಿ, ಮುದಿಯಾದೊಡನೆ ನಾಯಿಯನ್ನು ಬೀದಿಗೆ ಅಟ್ಟುವ ಮನೆಯಲ್ಲಿ ಮಕ್ಕಳು ಕಲಿಯುವ ಪಾಠವೂ ಒಂದುಂಟು. ಆ ಪಾಠದ ಫಲವನ್ನು ಮುಂದೊಂದು ದಿನ ಆ ಮನೆಯ ಹಿರಿಯರೇ ಉಣ್ಣಬೇಕಾದೀತು.

ಮುಗಿಲು, ಮಣ್ಣು, ಹಕ್ಕಿ, ನಾಯಿ ಇವುಗಳಲ್ಲಿ ಯಾವುದೂ ತಾನು ಗುರುವೆಂದು ಹೇಳಿಕೊಳ್ಳುವುದಿಲ್ಲ. ಕಲಿಯದವನನ್ನು ದಂಡಿಸುವುದೂ ಇಲ್ಲ, ಸುಮ್ಮನೆ ಮರೆಯಾಗುತ್ತವೆ. ಕೆರೆ ಬತ್ತಿದ ಊರಿಗೆ ಕೊಕ್ಕರೆ ಬರುವುದಿಲ್ಲ, ಮರ ಕಡಿದ ದಾರಿಯಲ್ಲಿ ನೆರಳು ನಿಲ್ಲುವುದಿಲ್ಲ. ಗುರುವಿಲ್ಲದ ಶಾಲೆಯಲ್ಲಿ ಗೋಡೆಗಳಷ್ಟೇ ಉಳಿಯುತ್ತವೆ. ಆದುದರಿಂದ ಪ್ರಕೃತಿಯಿಂದ ಪಾಠ ಕಲಿತವನು ಸಲ್ಲಿಸಬೇಕಾದ ಗುರುದಕ್ಷಿಣೆ ಒಂದೇ: ಮುಂದಿನವರೂ ಕಲಿಯುವಂತೆ ಆ ಗುರುಗಳನ್ನು ಉಳಿಸುವುದು.

ಪದಗಳ ಅರ್ಥ

ಸ್ಕಂಧ – ಪುರಾಣದ ದೊಡ್ಡ ವಿಭಾಗ
ಹೆಂಟೆ – ಮಣ್ಣಿನ ಗಟ್ಟಿಯಾದ ಹೆಪ್ಪು
ಹಲುಬೆ – ಹಲ್ಲುಗಳುಳ್ಳ ಬೇಸಾಯದ ಉಪಕರಣ
ತೆಂಡೆ – ಪೈರಿನ ಬುಡದಿಂದ ಒಡೆಯುವ ಕವಲು
ಹಿಕ್ಕೆ – ಹಕ್ಕಿಯ ಮಲ
ಬಾನಿ – ದನಗಳಿಗೆ ನೀರಿಡುವ ದೊಡ್ಡ ಪಾತ್ರೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅವಧೂತನು ಪತಂಗದಿಂದ ಯಾವ ಬಗೆಯ ಪಾಠವನ್ನು ಕಲಿತನು?
2. ಮಣಲರತನು ಅರಸನಲ್ಲಿ ಏನನ್ನು ಬೇಡಿದನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರೈತನು ಮಣ್ಣಿನ ಹದವನ್ನು ಹೇಗೆ ತಿಳಿಯುತ್ತಾನೆ?
2. ಕೊಕ್ಕರೆ ಬೆಳ್ಳೂರಿನವರು ಹಕ್ಕಿಗಳಿಗಾಗಿ ತೆತ್ತ ಬೆಲೆ ಯಾವುದು?

ಇ. ಸಂದರ್ಭ ಸೂಚಿಸಿ ವಿವರಿಸಿರಿ.
1. ‘ರಾಗಿಯ ಹೊಲದಲ್ಲಿ ಅರ್ಧ ಪಾಠವನ್ನಷ್ಟೇ ಓದಿದವರು.’
2. ‘ಮೂಕಪ್ರಾಣಿ ಕೊಟ್ಟದ್ದನ್ನು ಲೆಕ್ಕವಿಡುವುದಿಲ್ಲ.’

ಈ. ನಿಮ್ಮ ಮನೆಯ ಅಥವಾ ನೆರೆಯ ಒಂದು ಪ್ರಾಣಿಯನ್ನೋ ಮರವನ್ನೋ ಒಂದು ವಾರ ಗಮನಿಸಿರಿ. ಅದರಿಂದ ಅನುಸರಿಸಬೇಕಾದದ್ದು ಯಾವುದು, ಅನುಸರಿಸಬಾರದ್ದು ಯಾವುದು ಎಂಬುದನ್ನು ಒಂದು ಪುಟದಷ್ಟು ಬರೆಯಿರಿ.