ನಾಡಿಮಾಪಕವನ್ನು ಕಟ್ಟಿಕೊಳ್ಳುವುದು ಯಾವಾಗ?

ದುದ್ದ ಹೋಬಳಿಯ ನಮ್ಮ ಹಳ್ಳಿಗಳಲ್ಲಿ ಹಿಂದೆ ಕೈಗೆ ಕಟ್ಟಿದ ಗಡಿಯಾರವು ವೇಳೆಯನ್ನು ಮಾತ್ರ ತಿಳಿಸುತ್ತಿದ್ದಿತು. ಈಗಿನದು ಎದೆಯ ಬಡಿತವನ್ನು ಎಣಿಸುತ್ತದೆ, ಇಟ್ಟ ಹೆಜ್ಜೆಗಳನ್ನು ಕೂಡಿಸುತ್ತದೆ, ಅಷ್ಟಕ್ಕೆ ತೃಪ್ತಿಪಡದೆ ದೇಹದಲ್ಲಿ ವ್ಯಯವಾದ ಕ್ಯಾಲೊರಿಗಳ ಲೆಕ್ಕವನ್ನೂ ಒಪ್ಪಿಸುತ್ತದೆ. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಎಳೆಯ ವಯಸ್ಸಿನವರೂ ಹೃದಯಾಘಾತದಿಂದ ಮೃತರಾದ ವಾರ್ತೆಗಳು ಒಂದರ ಮೇಲೊಂದು ಬಂದು ಜನರು ಎಷ್ಟು ಕಳವಳಗೊಂಡರೆಂಬುದು ವಾಚಕರಿಗೆ ವಿದಿತವೇ ಆಗಿದೆ. ತಪಾಸಣೆಗಾಗಿ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನಜಂಗುಳಿ ನೆರೆಯಿತು. ರಾಜ್ಯ ಸರ್ಕಾರವು ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹೃದಯಸಂಬಂಧದ ಮರಣಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದು ಆ ಸಮಿತಿಯು ಜುಲೈ ತಿಂಗಳಿನಲ್ಲಿ ವರದಿಯಿತ್ತಿತು. ಆದರೂ ಮನಸ್ಸಿನಲ್ಲಿ ಹೊಕ್ಕ ಅಂಜಿಕೆ ವರದಿಯಿಂದ ಹೊರಹೋಗುವುದಲ್ಲ. ಅನೇಕರು ಮಣಿಕಟ್ಟಿಗೆ ನಾಡಿಮಾಪಕದ ಪಟ್ಟಿಯನ್ನು ಬಿಗಿದುಕೊಂಡರು. ಹಾಗೆ ಬಿಗಿದುಕೊಂಡವರಲ್ಲಿ ಈ ಲೇಖಕನೂ ಒಬ್ಬ.

ವ್ಯಾಕರಣ, ಅಲಂಕಾರಗಳನ್ನು ಓದಿದವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೇಳಬಹುದು. ಮೋಸಹೋದವನ ಅಧಿಕಾರವೇ ನನ್ನದು. ರಕ್ತದಲ್ಲಿ ಸಕ್ಕರೆಯ ಅಂಶ ತುಸು ಮೇಲಕ್ಕೆ ಸರಿದಿದೆ, ತೂಕವನ್ನು ಇಳಿಸಿರಿ ಎಂದು ವೈದ್ಯರು ಹೇಳಿದ್ದರು. ನಾನು ಪಟ್ಟಿಯನ್ನು ಹಗಲಿರುಳು ಕಟ್ಟಿಕೊಂಡೆ. ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತು, ಮೂರು ಸಲ ಕಾಫಿ ಕುಡಿದು, ಬಿಸಿಲಿನಲ್ಲಿ ಬಸ್ಸಿಗಾಗಿ ಒಂದು ಗಂಟೆ ಚಡಪಡಿಸಿ ನಿಂತ ದಿನ ಅದು 2,900 ಕ್ಯಾಲೊರಿ ವ್ಯಯವಾಯಿತೆಂದು ತೋರಿಸಿತು. ಇಷ್ಟು ದುಡಿದ ಮೇಲೆ ರಾತ್ರಿ ಇನ್ನೊಂದು ಮುದ್ದೆ ಹೆಚ್ಚಾಗದೆಂದು ತಿಳಿದೆ. ಮೂರು ತಿಂಗಳು ಹೀಗೆ ನಡೆದ ಬಳಿಕ ತಕ್ಕಡಿಯ ಮೇಲೆ ನಿಂತರೆ ತೂಕವು ಎರಡು ಕಿಲೋ ಏರಿದ್ದಿತು! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ, ಕುಳಿತು ಕೆಲಸಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ ಬೇಕಾದುದು 2,110 ಕ್ಯಾಲೊರಿ. ಭಾರಿ ದೇಹಶ್ರಮದ ದುಡಿಮೆಗಾರನಿಗೆ 3,470. ಕೆಂಪು ಶಾಯಿಯ ಲೇಖನಿಯನ್ನು ಹಿಡಿದು ಕುಳಿತ ನನ್ನನ್ನು ಆ ಪಟ್ಟಿಯು ಆಲೂಗಡ್ಡೆಯ ಹೊಲದಲ್ಲಿ ಗುದ್ದಲಿ ಹಿಡಿದವನ ಕಡೆಗೆ ಅರ್ಧ ದಾರಿಗಿಂತ ಹೆಚ್ಚು ತಳ್ಳಿದ್ದಿತು.

ದೋಷವೆಲ್ಲಿದೆಯೆಂದು ಹುಡುಕಹೊರಟಾಗ ತಿಳಿದುದೇನೆಂದರೆ, ಯಂತ್ರವು ನಾಡಿಯನ್ನು ತಪ್ಪಾಗಿ ಎಣಿಸಿರಲಿಲ್ಲ. ನಾಡಿಯಿಂದ ಕ್ಯಾಲೊರಿಗೆ ಹೋಗುವ ದಾರಿಯಲ್ಲಿ ಅದು ಎಡವಿದ್ದಿತು. ಈ ದಾರಿಯನ್ನು ವಿದ್ಯಾರ್ಥಿಗಳು ಚೆನ್ನಾಗಿ ಅರಿತುಕೊಳ್ಳಬೇಕು.

ದೇಹವು ಆಹಾರವನ್ನು ಉರಿಸಲು ಆಮ್ಲಜನಕವನ್ನು ಬಳಸುತ್ತದೆ. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು 5 ಕ್ಯಾಲೊರಿ ಶಕ್ತಿ ಹೊರಬರುತ್ತದೆ. (ನಾವು ವ್ಯವಹಾರದಲ್ಲಿ ಕ್ಯಾಲೊರಿಯೆನ್ನುವುದು ವಾಸ್ತವವಾಗಿ ಕಿಲೋ ಕ್ಯಾಲೊರಿ.) ಆದುದರಿಂದ ನಿಜವಾದ ಲೆಕ್ಕಬೇಕಾದರೆ ಮುಖಕ್ಕೆ ಮುಸುಕು ಕಟ್ಟಿ, ಸೇದಿದ ಮತ್ತು ಬಿಟ್ಟ ಉಸಿರನ್ನು ಅಳೆಯಬೇಕು. ಅದು ಪ್ರಯೋಗಶಾಲೆಯ ಕೆಲಸ. ಮಣಿಕಟ್ಟಿನ ಯಂತ್ರಕ್ಕೆ ಉಸಿರು ಕಾಣುವುದಿಲ್ಲ; ಅದು ಬಡಿತವನ್ನು ಕಂಡು, ಅದರ ಜೊತೆಗೆ ಕೈಯ ಚಲನೆಯನ್ನು ಗಮನಿಸಿ, ಉಸಿರನ್ನು ಊಹಿಸುತ್ತದೆ.

ಈ ಊಹೆಗೆ ಆಧಾರವಿಲ್ಲದಿಲ್ಲ. 1870ರಲ್ಲಿ ಅಡಾಲ್ಫ್ ಫಿಕ್ ಎಂಬ ಜರ್ಮನ್ ವಿದ್ವಾಂಸನು ಇದರ ತತ್ತ್ವವನ್ನು ನಿರೂಪಿಸಿದನು. ಅದನ್ನು ನಮ್ಮ ರೀತಿಯಲ್ಲಿ ಹೀಗೆ ಹೇಳಬಹುದು. ಒಬ್ಬ ಆಳು ಕೆರೆಯಿಂದ ತೋಟಕ್ಕೆ ಕೊಡದಲ್ಲಿ ನೀರು ಹೊರುತ್ತಾನೆ. ತೋಟಕ್ಕೆ ಎಷ್ಟು ನೀರು ಸಂದಿತೆಂದು ಅರಿಯಲು ಮೂರು ಸಂಗತಿಗಳು ತಿಳಿದಿರಬೇಕು: ಅವನು ಎಷ್ಟು ಸಲ ಬಂದನು, ಕೊಡ ಎಷ್ಟು ದೊಡ್ಡದು, ಬಂದ ನೀರಿನಲ್ಲಿ ಗಿಡಗಳು ಎಷ್ಟನ್ನು ಹೀರಿದುವು. ಹೃದಯದ ಬಡಿತವೆಂಬುದು ಆಳು ಬಂದ ಸಲಗಳ ಎಣಿಕೆ ಮಾತ್ರ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ಒಂದೊಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ದೂಡುತ್ತದೆ. ಇದೇ ಕೊಡದ ಗಾತ್ರ. ಆದರೆ ಈ ಕೊಡವು ಒಂದೇ ಸಮನಾಗಿ ಇರುವುದಿಲ್ಲ. ಮಲಗಿದ್ದವನು ಎದ್ದು ನಿಂತೊಡನೆ ಕೊಡ ಕಿರಿದಾಗುತ್ತದೆ; ಕೊರತೆಯನ್ನು ತುಂಬಲು ಬಡಿತಗಳು ಹತ್ತು ಹದಿನೈದರಷ್ಟು ಹೆಚ್ಚುತ್ತವೆ. ತೋಟಕ್ಕೆ ಹೋದ ನೀರು ಹೆಚ್ಚು ಕಡಿಮೆ ಅಷ್ಟೇ. ಸಲಗಳನ್ನು ಮಾತ್ರ ಎಣಿಸುವ ಯಂತ್ರವಾದರೋ ಶ್ರಮ ಹೆಚ್ಚಿತೆಂದು ಬರೆದುಕೊಳ್ಳುತ್ತದೆ. ಸಿಟ್ಟು, ಭಯ, ಕಾಫಿ, ಜ್ವರ, ಬೇಸಿಗೆಯ ಧಗೆ, ಇವೆಲ್ಲ ಬಡಿತವನ್ನು ಏರಿಸುವಷ್ಟು ಉರಿಯನ್ನು ಏರಿಸುವುದಿಲ್ಲ. ನಾನು ಬಸ್ಸಿಗಾಗಿ ಕಾದು ಗಳಿಸಿದ ಕ್ಯಾಲೊರಿಗಳು ಎಂಥವೆಂದು ಇದರಿಂದ ತಿಳಿಯಬಹುದು.

ಹಾಗಾದರೆ ಎಣಿಕೆಯು ನೆಚ್ಚತಕ್ಕದ್ದಾಗುವುದು ಯಾವಾಗ? ಕಾಲಿನ ದೊಡ್ಡ ಸ್ನಾಯುಗಳು ಒಂದೇ ಲಯದಲ್ಲಿ, ಎಡೆಬಿಡದೆ, ನಾಲ್ಕೈದು ನಿಮಿಷಗಳಿಗೆ ಮೀರಿ ದುಡಿಯತೊಡಗಿದಾಗ. ಆಗ ಕೊಡವು ತನ್ನ ಪೂರ್ಣ ಗಾತ್ರದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಹೆಚ್ಚು ನೀರು ಬೇಕಾದರೆ ಆಳು ಇನ್ನೂ ಹೆಚ್ಚು ಸಲ ಬರಲೇಬೇಕು. ಬಡಿತಕ್ಕೂ ಆಮ್ಲಜನಕಕ್ಕೂ ಆಗ ಸರಳರೇಖೆಯಂಥ ಸಂಬಂಧ ಏರ್ಪಡುತ್ತದೆ. ಬಿರುಸಾದ ನಡಿಗೆ, ಓಟ, ಸೈಕಲ್ ತುಳಿಯುವುದು, ಬೆಟ್ಟ ಹತ್ತುವುದು, ಇವು ಆ ಜಾತಿಯ ವ್ಯಾಯಾಮಗಳು. ಕ್ಯಾಲೊರಿಯ ಲೆಕ್ಕಕ್ಕಾಗಿ ನಾಡಿಮಾಪಕವನ್ನು ಕಟ್ಟಬೇಕಾದುದು ಇವುಗಳ ವೇಳೆಯಲ್ಲಿಯೇ.

ಈ ಯಂತ್ರದ ಚರಿತ್ರೆಯೂ ಇದಕ್ಕೆ ಸಾಕ್ಷಿ. ಫಿನ್ಲೆಂಡ್ ದೇಶದ ಔಲು ಪ್ರಾಂತದಲ್ಲಿ ಸೆಪ್ಪೊ ಸೈನಾಯಕಂಗಸ್ ಎಂಬ ವಿಜ್ಞಾನಿಯು 1977ರಲ್ಲಿ ಪೋಲಾರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು; 1982ರಲ್ಲಿ ಅಲ್ಲಿಂದ ತಂತಿಯಿಲ್ಲದ ನಾಡಿಮಾಪಕ ಹೊರಬಂದಿತು. ಹಿಮದ ಮೇಲೆ ಜಾರುತ್ತ ಬಹುದೂರ ಸಾಗುವ ಕ್ರೀಡಾಳುಗಳ ಅಭ್ಯಾಸವೆಷ್ಟು ತೀವ್ರವಾಗಿದೆಯೆಂದು ಅರಿಯುವುದೇ ಅದರ ಉದ್ದೇಶ. ಕ್ಯಾಲೊರಿಯ ಲೆಕ್ಕವು ಆಮೇಲೆ ಸೇರಿಕೊಂಡ ಉಪಾಂಗ.

ಪಟ್ಟಿಗಳಲ್ಲಿ ಎರಡು ಬಗೆ. ಎದೆಗೆ ಸುತ್ತುವ ಪಟ್ಟಿಯು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಅದರ ಸ್ಪರ್ಶಭಾಗವನ್ನು ನೀರಿನಿಂದ ತುಸು ಒದ್ದೆಮಾಡಿ ಕಟ್ಟಬೇಕು. ಮಣಿಕಟ್ಟಿನದು ಚರ್ಮದ ಮೇಲೆ ಹಸಿರು ಬೆಳಕನ್ನು ಹಾಯಿಸಿ, ರಕ್ತವು ಉಕ್ಕಿ ಇಳಿಯುವಾಗ ಹಿಂದಿರುಗುವ ಬೆಳಕಿನ ಏರಿಳಿತವನ್ನು ಎಣಿಸುತ್ತದೆ. ಗುದ್ದಲಿಯನ್ನೋ ಸೈಕಲ್ಲಿನ ಹಿಡಿಯನ್ನೋ ಬಿಗಿಯಾಗಿ ಹಿಡಿದರೆ, ಪಟ್ಟಿ ಸಡಿಲವಾಗಿದ್ದರೆ, ಹಚ್ಚೆಯ ಮೇಲೆ ಕುಳಿತರೆ ಇದು ತಪ್ಪಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2017ರಲ್ಲಿ ಅರುವತ್ತು ಮಂದಿಯ ಕೈಗೆ ಇಂಥ ಏಳು ಯಂತ್ರಗಳನ್ನು ಕಟ್ಟಿ ಪರೀಕ್ಷಿಸಿದರು. ಆರು ಯಂತ್ರಗಳು ಬಡಿತವನ್ನು ನೂರಕ್ಕೆ ಐದಕ್ಕಿಂತ ಕಡಿಮೆ ತಪ್ಪಿನಿಂದ ಎಣಿಸಿದುವು. ಕ್ಯಾಲೊರಿಯ ವಿಷಯದಲ್ಲಾದರೋ ಅವುಗಳಲ್ಲಿ ಉತ್ತಮವಾದುದೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತು; ಕನಿಷ್ಠವಾದುದು 93ರಷ್ಟು. ಯಂತ್ರಗಳು ಆ ಬಳಿಕ ಸುಧಾರಿಸಿರಬಹುದು, ಆದರೆ ಕೊಡದ ಗಾತ್ರವನ್ನು ಕಾಣಲಾರದ ಮೂಲ ತೊಡಕು ಹಾಗೆಯೇ ಇದೆ.

ನಮ್ಮ ಜಿಲ್ಲೆಯವರಿಗೆ ಪರಿಚಿತವಾದ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೆಟ್ಟಿಲುಗಳು ಆರುನೂರಕ್ಕೆ ಮಿಕ್ಕಿವೆ. ಬೆಟ್ಟವು ಬಯಲಿನಿಂದ ಸುಮಾರು 470 ಅಡಿ, ಎಂದರೆ 143 ಮೀಟರ್ ಎತ್ತರ. 70 ಕಿಲೋ ತೂಕವನ್ನು ಅಷ್ಟೆತ್ತರಕ್ಕೆ ಒಯ್ಯಲು ತಗಲುವ ಯಾಂತ್ರಿಕ ಕೆಲಸ 98,000 ಜೂಲ್. ಕ್ಯಾಲೊರಿಯಲ್ಲಿ ಹೇಳುವುದಾದರೆ ಬರಿಯ 23. ಆದರೆ ನಮ್ಮ ಸ್ನಾಯುಗಳು ಉರಿಸಿದುದರಲ್ಲಿ ಕಾಲುಭಾಗದಷ್ಟನ್ನು ಕೆಲಸಕ್ಕೆ ಹಾಕಿ, ಉಳಿದುದನ್ನು ಶಾಖವಾಗಿ ಕಳೆಯುತ್ತವೆ. ಆದುದರಿಂದ ನಾಲ್ಕರಿಂದ ಗುಣಿಸಬೇಕು. ತೊಂಬತ್ತು, ನೂರು ಕ್ಯಾಲೊರಿಯಾಯಿತು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಅಷ್ಟು ಹಿಟ್ಟಿನ ಒಂದು ಮುದ್ದೆಯನ್ನು ಕರಗಿಸಲು ವಿಂಧ್ಯಗಿರಿಯನ್ನು ಮೂರು ಸಲ ಹತ್ತಬೇಕೆಂದಾಯಿತು! ನನ್ನ ಪಟ್ಟಿಯು ಬೆಳಗಿನ ಏಳು ಗಂಟೆಗೆ ಹತ್ತಿದಾಗ ಇದಕ್ಕೆ ಸಮೀಪವಾದ ಅಂಕವನ್ನೇ ಕೊಟ್ಟಿತು. ಇನ್ನೊಮ್ಮೆ ನಡುಹಗಲಿನಲ್ಲಿ, ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಹತ್ತಿದೆ. ಅದೇ ಬೆಟ್ಟ, ಅದೇ ದೇಹ. ಮೈಯನ್ನು ತಂಪಾಗಿಸಲು ರಕ್ತವು ಚರ್ಮದ ಕಡೆಗೆ ಹರಿದುದರಿಂದ ಬಡಿತ ಮಾತ್ರ ಹೆಚ್ಚಾಗಿದ್ದಿತು. ಪಟ್ಟಿಯು ಕ್ಯಾಲೊರಿಯನ್ನು ಧಾರಾಳವಾಗಿ ಏರಿಸಿ ತೋರಿಸಿತು. ಬೆಟ್ಟದ ಎತ್ತರವೇನೂ ಮಧ್ಯಾಹ್ನಕ್ಕೆ ಬೆಳೆಯುವುದಿಲ್ಲ.

ಆಟದ ಬಯಲಿನ ವಿದ್ಯಾರ್ಥಿಗಳಿಗೆ ಎರಡು ಮಾತು. ಒಂದೇ ಲಯದ ದೂರದ ಓಟಕ್ಕೆ ಮಾಪಕವು ಒಪ್ಪುತ್ತದೆ. ಕಬಡ್ಡಿ, ಖೋಖೋಗಳಲ್ಲಿ ನಿಲ್ಲುವುದು, ಹಾಯುವುದು, ಉಸಿರು ಹಿಡಿಯುವುದು, ಗೆಲ್ಲುವ ಉದ್ವೇಗ, ಇವೆಲ್ಲ ಬೆರೆಯುವುದರಿಂದ ಲೆಕ್ಕ ಕೆಡುತ್ತದೆ. ಭಾರ ಎತ್ತುವ ಸಾಧಕರಿಗೂ ಇದೇ ಮಾತು. ತೋಳಿನ ಕೆಲಸದಲ್ಲಿ ಬಡಿತವು ಕಾಲಿನ ಕೆಲಸಕ್ಕಿಂತ ಬೇಗ ಏರುತ್ತದೆ. ಚೆನ್ನಾಗಿ ಪಳಗಿದ ಓಟಗಾರನ ಕೊಡವೇ ದೊಡ್ಡದಾದುದರಿಂದ ಅವನ ಬಡಿತ ಕಡಿಮೆ. ವಯಸ್ಸು, ತೂಕಗಳನ್ನಷ್ಟೇ ಬಲ್ಲ ಯಂತ್ರವು ಅವನ ಶ್ರಮವನ್ನು ಕುಗ್ಗಿಸಿಯೂ ಹೇಳೀತು.

ಇನ್ನೊಂದು ಎಚ್ಚರಿಕೆಯನ್ನು ಹೇಳದಿರಲಾರೆ. ರಕ್ತದೊತ್ತಡಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದ ಮಾತ್ರೆಗಳನ್ನು ಸೇವಿಸುವವರಲ್ಲಿ ಬಡಿತವು ಏರಬೇಕಾದಷ್ಟು ಏರುವುದಿಲ್ಲ. ಔಷಧದ ಕಾರ್ಯವೇ ಅದು. ನನ್ನ ಹಿರಿಯ ಮಿತ್ರರೊಬ್ಬರು ಇದನ್ನರಿಯದೆ, ಮಾಪಕದ ಅಂಕ ಸಾಲದೆಂದು ನಡಿಗೆಯನ್ನು ಬಿರುಸುಗೊಳಿಸುತ್ತ ಹೋಗಿ, ಕಣ್ಣು ಕತ್ತಲಿಟ್ಟು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದರು. ಜೊತೆಯಲ್ಲಿ ನಾನಿದ್ದೆ. ಅವರ ಹಣೆಯ ಮೇಲೆ ತಣ್ಣನೆಯ ಬೆವರು, ಮಣಿಕಟ್ಟಿನ ಮೇಲೆ 96 ಎಂಬ ಸೌಮ್ಯವಾದ ಅಂಕ. ಅವರು ಚೇತರಿಸಿಕೊಂಡರು, ಆ ಹತ್ತು ನಿಮಿಷಗಳನ್ನು ನಾನು ಮರೆತಿಲ್ಲ. ಇಂಥವರು ಕ್ಯಾಲೊರಿಗಾಗಿ ನಾಡಿಯನ್ನು ನಂಬಲೇ ಬಾರದು. ಯಂತ್ರದ ಅಂಕ ಸರಿಬರಲೆಂದು ಮಾತ್ರೆಯನ್ನು ಬಿಡುವುದಂತೂ ಪ್ರಾಣಾಪಾಯಕರ. ನಡಿಗೆಯ ಮಿತಿಯನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು. ಅಲ್ಲದೆ ಬಡಿತವನ್ನು ಎಣಿಸುವ ಪಟ್ಟಿಯು ರಕ್ತನಾಳದ ತಡೆಯನ್ನು ಕಾಣಲಾರದು. ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಪಟ್ಟಿಯನ್ನು ನೋಡುತ್ತ ಕುಳಿತುಕೊಳ್ಳದೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಆ ಮಿತ್ರರಿಗೆ ಈಗ ಆಸರೆಯಾಗಿರುವುದು ಹಳೆಯ ಅಳತೆ. ವ್ಯಾಯಾಮವನ್ನು ಅರ್ಧಬಲದಿಂದ ಮಾಡಬೇಕೆಂದು ಸುಶ್ರುತ, ವಾಗ್ಭಟರು ವಿಧಿಸಿದ್ದಾರೆ. ಉಸಿರು ಬಾಯಿಗೆ ಬರತೊಡಗುವುದು ಅದರ ಗುರುತೆಂಬುದು ಸುಶ್ರುತನ ಮತ. ಚಳಿಗಾಲ, ವಸಂತಗಳಲ್ಲಿ ಅರ್ಧಬಲ, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆಯೆಂದು ವಾಗ್ಭಟನು ಸೇರಿಸುತ್ತಾನೆ. ಇಂದಿನ ವೈದ್ಯರು, ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅಂಥ ವೇಗದಲ್ಲಿ ನಡೆಯಿರಿ ಎನ್ನುತ್ತಾರೆ. ಮಾತ್ರೆ ನುಂಗಿದವರಿಗೂ ಉಸಿರು ಸುಳ್ಳು ಹೇಳುವುದಿಲ್ಲ.

ಮಾಪಕವನ್ನು ಬಳಸುವವರು ಹೀಗೆ ನಡೆದುಕೊಳ್ಳಬಹುದು. ಮೊದಲು ತಮ್ಮ ನಿಜವಾದ ವಯಸ್ಸು, ಇಂದಿನ ತೂಕಗಳನ್ನು ಅದಕ್ಕೆ ತಿಳಿಸಬೇಕು. ಮದುವೆಯ ಕಾಲದ ತೂಕವನ್ನಲ್ಲ. ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲಕ್ಕೆ, ಸರಿದಾಡದಂತೆ ಕಟ್ಟಬೇಕು. ನಡುನಡುವೆ ಎರಡು ಬೆರಳುಗಳಿಂದ ನಾಡಿಯನ್ನು ಹಿಡಿದು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ, ಪಟ್ಟಿಯ ಅಂಕದೊಡನೆ ಹೋಲಿಸಬೇಕು. ನಡಿಗೆಗೆ ಹೊರಡುವಾಗ ಎಣಿಕೆಯನ್ನು ಆರಂಭಿಸಿ, ಮುಗಿದೊಡನೆ ನಿಲ್ಲಿಸಬೇಕು. ಮನೆಗೆ ಬಂದು ಬೆವರೊರಸಿಕೊಳ್ಳುವಾಗಿನ ಬಡಿತವನ್ನು ಸೇರಿಸಿಕೊಳ್ಳಬಾರದು. ಸುಮ್ಮನೆ ಕುಳಿತವನೂ ಗಂಟೆಗೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿಯನ್ನು ಉರಿಸುತ್ತಾನೆ. ಆದುದರಿಂದ 60 ಕಿಲೋ ತೂಕದವನು ಹಾಸನದ ರಸ್ತೆಯಲ್ಲಿ ಗಂಟೆಗೆ ಐದು ಕಿಲೋಮೀಟರಿನಂತೆ ಒಂದು ಗಂಟೆ ನಡೆದರೆ ವ್ಯಯವಾಗುವ ಸುಮಾರು 210 ಕ್ಯಾಲೊರಿಗಳಲ್ಲಿ 60ನ್ನು ಕಳೆದು, 150ನ್ನು ಮಾತ್ರ ನಡಿಗೆಯ ಗಳಿಕೆಯೆಂದು ಎಣಿಸಬೇಕು. ಪಟ್ಟಿಯು 400 ಎಂದರೆ ನಂಬಬೇಡಿ.

ನಾನು ಈಗ ಅದನ್ನು ಬೆಳಗಿನ ನಡಿಗೆಯ ಒಂದು ಗಂಟೆ ಮಾತ್ರ ಕಟ್ಟುತ್ತೇನೆ. ಅಂಕವನ್ನು ಊಟದ ತಟ್ಟೆಗೆ ತರುವುದಿಲ್ಲ. ಕಳೆದ ವಾರದ ಅದೇ ನಡಿಗೆಯ ಅಂಕದೊಡನೆ ಹೋಲಿಸಿ ನೋಡುತ್ತೇನೆ. ಅದೇ ದಾರಿ, ಅದೇ ವೇಗ, ಬಡಿತ ಮಾತ್ರ ಮೊದಲಿಗಿಂತ ಎಂಟು ಕಡಿಮೆಯಾಗಿದೆ. ಏರಿದ್ದ ಎರಡು ಕಿಲೋ ಇಳಿದು, ಅದರ ಜೊತೆಗೆ ಮತ್ತೊಂದು ಹೋಗಿದೆ. ಉಳಿದ ಹೊತ್ತಿನಲ್ಲಿ ಪಟ್ಟಿಯು ಮೇಜಿನ ಖಾನೆಯಲ್ಲಿ, ಕೆಂಪು ಶಾಯಿಯ ಲೇಖನಿಗಳ ಪಕ್ಕದಲ್ಲಿ ಇರುತ್ತದೆ.