ಮಳೆ ಹಿಡಿಯುವ ಮುನ್ನ ನಾಯಿಮರಿಗೆ ಆಗಬೇಕಾದ ಕೆಲಸಗಳು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಊರುನಾಯಿಗಳು ಹೆಚ್ಚಾಗಿ ಮಳೆ ಇಳಿಮುಖವಾದ ಮೇಲೆ ಬೆದೆಗೆ ಬರುತ್ತವೆ. ಗರ್ಭ ಎರಡು ತಿಂಗಳದ್ದು. ಹಾಗಾಗಿ ಬಹುಪಾಲು ಮರಿಗಳು ಹುಟ್ಟುವುದು ಚಳಿಗಾಲದಲ್ಲಿ, ಮನೆ ಸೇರುವುದು ಜನವರಿ, ಫೆಬ್ರವರಿ ಹೊತ್ತಿಗೆ. ಜೂನ್‌ನಲ್ಲಿ ಮಳೆ ಹಿಡಿಯುವವರೆಗೆ ಸಿಗುವ ನಾಲ್ಕು ತಿಂಗಳು ಮರಿಯ ಇಡೀ ಬದುಕನ್ನು ನಿರ್ಧರಿಸುತ್ತವೆ. ಲಸಿಕೆ, ಉಣುಗಿನ ಔಷಧ, ಹೊರಗೆ ಹೋಗಿ ಮಲಮೂತ್ರ ಮಾಡುವ ಅಭ್ಯಾಸ, ಹಗ್ಗ ಹಿಡಿದು ನಡೆಯುವುದು, ಎಲ್ಲವೂ ಈ ಅವಧಿಯಲ್ಲಿ ಆಗಬೇಕು. ಆಷಾಢದ ಮಳೆಯಲ್ಲಿ ಶುರುಮಾಡಿದರೆ ಎರಡರಷ್ಟು ಕಷ್ಟ.

ಯಾವ ಮರಿ, ಯಾವಾಗ

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಕಲಿಯುತ್ತದೆ. ಬೇಗ ಬಿಡಿಸಿ ತಂದ ಮರಿ ಆ ಪಾಠವನ್ನು ನಿಮ್ಮ ಮಕ್ಕಳ ಕೈಮೇಲೆ ಕಲಿಯಬೇಕಾಗುತ್ತದೆ.

ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ದಟ್ಟ ಕೂದಲಿನ ತಳಿಗಳು ನಮ್ಮ ಏಪ್ರಿಲ್-ಮೇ ಸೆಕೆಗೆ ಹೇಳಿಸಿದ್ದಲ್ಲ. ದುಡ್ಡು ಕೊಟ್ಟು ಅದಕ್ಕೊಂದು ನರಕ ಕಟ್ಟಿಕೊಡಬೇಡಿ. ಊರುನಾಯಿ ಈ ಹವೆಗೆ ಒಗ್ಗಿದ ಜೀವ, ಕಾವಲಿಗೂ ಸಾಕು, ಪ್ರೀತಿಗೂ ಸಾಕು. ಹೆಣ್ಣುಮರಿ ಬೇಡವೆಂದು ಮೀನುಪೇಟೆ, ಸಮುದ್ರ ದಂಡೆಗಳಲ್ಲಿ ಬಿಟ್ಟುಹೋಗುವವರು ಇನ್ನೂ ಇದ್ದಾರೆ. ಆರು ತಿಂಗಳು ದಾಟಿದ ಮೇಲೆ ಪಶುವೈದ್ಯರನ್ನು ಕೇಳಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಣ್ಣುನಾಯಿಯಷ್ಟು ನಂಬಿಕಸ್ಥ ಕಾವಲು ಇನ್ನೊಂದಿಲ್ಲ.

ಲಸಿಕೆ ಮತ್ತು ಜಂತುಹುಳು

ಮರಿ ಮನೆಗೆ ಬಂದ ವಾರದೊಳಗೆ ಪಶು ಆಸ್ಪತ್ರೆಗೆ ಒಯ್ಯಿರಿ. ಆರರಿಂದ ಎಂಟು ವಾರದ ವಯಸ್ಸಿಗೆ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಮೊದಲ ಚುಚ್ಚುಮದ್ದು ಆಗಬೇಕು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ. ಒಂದೇ ಚುಚ್ಚುಮದ್ದಿಗೆ ಮುಗಿಯಿತೆಂದು ನಿಲ್ಲಿಸುವುದರಿಂದಲೇ ಎಷ್ಟೋ ಮರಿಗಳು ಸಾಯುತ್ತವೆ. ಪಾರ್ವೊ ಬಂದರೆ ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಮರಿ ಕೈತಪ್ಪಬಹುದು. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದೆ ನಿಮ್ಮ ಅಂಗಳದಲ್ಲಿ ಮರಿಯೊಂದು ಹೀಗೆ ಸತ್ತಿದ್ದರೆ ಹೊಸದನ್ನು ತರುವ ಮೊದಲು ವೈದ್ಯರಿಗೆ ತಿಳಿಸಿ, ನೆಲವನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ.

ಇಲಿಜ್ವರದ ಲಸಿಕೆಯೂ ಈ ಚುಚ್ಚುಮದ್ದಿನಲ್ಲಿ ಸೇರಿದೆಯೇ ಎಂದು ಕೇಳಿ. ಮಳೆಗಾಲದಲ್ಲಿ ಗದ್ದೆ, ಚರಂಡಿಯ ನೀರು ತುಳಿದು ಬರುವ ನಾಯಿಗೆ ಅದು ಬೇಕೇಬೇಕು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ತಿಂಗಳ ನಂತರ ಇನ್ನೊಮ್ಮೆ, ಮುಂದೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ ಉಚಿತವಾಗಿ ಹಾಕುವುದುಂಟು. ಆದರೆ ಮರಿಯ ಮೊದಲ ಲಸಿಕೆಗೆ ಅಲ್ಲಿಯವರೆಗೆ ಕಾಯಬೇಡಿ.

ಜಂತುಹುಳುವಿನ ಔಷಧವನ್ನು ತೂಕ ನೋಡಿ ಕೊಡಬೇಕು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ.

ಊಟ

ಬರೀ ಮಜ್ಜಿಗೆ ಅನ್ನ ತಿಂದು ಬೆಳೆದ ಮರಿಯ ಕಾಲು ಸೊಟ್ಟಗಾಗುವುದನ್ನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ಬೆಳೆಯುವ ಮರಿಗೆ ಮಾಂಸಸತ್ವ, ಸುಣ್ಣದಂಶ ಎರಡೂ ಬೇಕು. ಮೀನಿನ ಅಡುಗೆಯ ಮನೆಯಾದರೆ ಕುಚ್ಚಲಕ್ಕಿ ಗಂಜಿಗೆ ತಾರ್ಲೆ, ಬಂಗಡೆಯನ್ನು ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಕಲಸಿ. ಹಸಿ ಮೀನು ಬೇಡ, ಉಪ್ಪು ಹಾಕಿದ ಒಣಮೀನಂತೂ ಬೇಡವೇ ಬೇಡ. ಮೊಟ್ಟೆಯೂ ಒಳಬಾರದ ಮನೆಗಳಲ್ಲಿ ಮರಿಗಳಿಗೆಂದೇ ಬರುವ ಪೊಟ್ಟಣದ ಆಹಾರ ತರುವುದು ಸರಿಯಾದ ದಾರಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಹಾಕಿದರೆ ಸಾಕು.

ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿಯೂ ಇದಕ್ಕೆ ಹೊರತಲ್ಲ, ಆದ್ದರಿಂದ ಜಗುಲಿಯಲ್ಲಿ ತೂಗುಹಾಕಿದ ಗೊಂಚಲು ಮರಿಗೆ ಎಟುಕದಂತಿರಲಿ. ದ್ರಾಕ್ಷಿ, ಚಾಕಲೇಟು, ಬೇಯಿಸಿದ ಕೋಳಿ ಮೂಳೆ, ಅಂಗಳದಲ್ಲಿ ಹರಡಿದ ಅಡಿಕೆ ಎಲ್ಲವೂ ಅಪಾಯ. ದಂಡೆಯ ಮೇಲೆ ಬಲೆಯಿಂದ ಬಿಸಾಡಿದ, ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ವಿಷ. ಜ್ವರ ಬಂತೆಂದು ನಿಮ್ಮ ಮಾತ್ರೆ ಮುರಿದು ಕೊಡಬೇಡಿ.

ಉಣುಗು

ಇದಕ್ಕೆ ನಮ್ಮ ಸೀಮೆಯಲ್ಲಿ ಹೆಚ್ಚು ಗಮನ ಬೇಕು. ನಾಯಿಯ ಉಣುಗಿನಿಂದ ನಾಯಿಗೇ ರಕ್ತ ಬತ್ತಿಸುವ ಜ್ವರ ಬರುತ್ತದೆ: ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಅಷ್ಟಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಾಡಿನ ಉಣುಗು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಹೊನ್ನಾವರ ತಾಲ್ಲೂಕಿನ ಕಾಡಂಚಿನ ಊರುಗಳಿಗೂ ಆ ಕಾಯಿಲೆ ಹೊಸದಲ್ಲ. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಿಮ್ಮ ಮರಿ ಬೆಳೆಯುವ ತಿಂಗಳುಗಳಲ್ಲೇ, ಅದರ ಕಾಟ ಜಾಸ್ತಿ. ದರಕು ತರಲು ಬೆಟ್ಟಕ್ಕೆ ಹೊರಟಾಗ ನಾಯಿ ಹಿಂದೆ ಬರದಂತೆ ನೋಡಿಕೊಳ್ಳಿ. ಬಂದರೆ ಮನೆಯೊಳಗೆ ಬಿಡುವ ಮೊದಲು ಕಿವಿಯ ಒಳಗೆ, ಬೆರಳ ಸಂದಿ, ಕುತ್ತಿಗೆಪಟ್ಟಿಯ ಕೆಳಗೆ, ಬಾಲದ ಬುಡ ತಡಕಿ ನೋಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬರಿಗೈಯಲ್ಲಿ ಹೊಸಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಮನುಷ್ಯರಿಗೆ, ನಾಯಿಗಲ್ಲ. ನಾಯಿಗೆ ಬೆನ್ನ ಮೇಲೆ ಬಿಡುವ ಹನಿ, ತಿನ್ನಿಸುವ ಮಾತ್ರೆ ಎರಡೂ ಇವೆ. ಯಾವುದೆಂದು ವೈದ್ಯರು ತೂಕ, ವಯಸ್ಸು ನೋಡಿ ಹೇಳಬೇಕು.

ಕಲಿಸುವುದು

ಮೂರರಿಂದ ಹದಿನಾಲ್ಕು ವಾರದೊಳಗೆ ಮರಿ ಕಂಡದ್ದನ್ನೆಲ್ಲ ಲೋಕದ ಸಹಜ ಸಂಗತಿ ಎಂದು ಒಪ್ಪಿಕೊಳ್ಳುತ್ತದೆ. ಚುಚ್ಚುಮದ್ದು ಪೂರ್ತಿಯಾಗುವವರೆಗೆ ಬೀದಿಯಲ್ಲಿ ಬಿಡುವಂತಿಲ್ಲ, ಹಾಗಾಗಿ ಎತ್ತಿಕೊಂಡೇ ತೋರಿಸಿ: ಬಸ್ಸು, ರೈಲು, ಮೀನು ಮಾರುವವರ ಕೂಗು, ಕೊಡೆ, ಬುರ್ಖಾ, ಪಂಚೆ, ಚೆಂಡೆಯ ಸದ್ದು. ತೇರಿನ ಗರ್ನಾಲಿಗೆ ಮಾತ್ರ ಒಯ್ಯಬೇಡಿ.

ಹೊರಗೆ ಹೋಗುವ ಅಭ್ಯಾಸಕ್ಕೆ ಕ್ರಮ ಇದು. ಎದ್ದ ಕೂಡಲೆ, ಉಂಡ ಕೂಡಲೆ, ಆಡಿ ಮುಗಿದ ಕೂಡಲೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಮಾಡಿದ ಕ್ಷಣವೇ ಹೊಗಳಿ, ತಿನ್ನಲು ಚೂರು ಕೊಡಿ. ಜಾಗ ಆರಿಸುವಾಗ ಮಳೆಗಾಲ ನೆನಪಿರಲಿ. ಕೊಟ್ಟಿಗೆಯ ಮಾಡಿನ ಕೆಳಗೆ ಗೋಣಿ ಹಾಸಿದ ಮೂಲೆಯಾದರೆ ಜುಲೈಯಲ್ಲೂ ನಡೆಯುತ್ತದೆ. ಒಳಗೆ ಮಾಡಿದರೆ ಸುಮ್ಮನೆ ಒರೆಸಿ. ಮೂತಿ ಉಜ್ಜಿ ಹೊಡೆದರೆ ಅದು ಕಲಿಯುವುದು ಒಂದೇ, ನಿಮ್ಮಿಂದ ಅಡಗಿ ಮಾಡುವುದನ್ನು.

‘ಬಾ’, ‘ಕೂತ್ಕೊ’, ‘ಬಿಡು’, ‘ನಿಲ್ಲು’ ಈ ನಾಲ್ಕು ಸಾಕು. ಕನ್ನಡ, ಕೊಂಕಣಿ, ನವಾಯತಿ ಯಾವುದರಲ್ಲಾದರೂ ಹೇಳಿ, ಆದರೆ ಮನೆಮಂದಿಯೆಲ್ಲ ಒಂದೇ ಪದ ಬಳಸಬೇಕು. ಐದೈದು ನಿಮಿಷ, ದಿನಕ್ಕೆ ಮೂರು ಸಲ. ‘ಬಾ’ ಎಂದು ಕರೆದು ಬೈಯಬೇಡಿ, ಆಮೇಲೆ ಅದು ಬರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರುಗಳ ನಡುವೆ ಹಾದುಹೋಗುತ್ತದೆ. ‘ಬಾ’ ಎಂಬ ಪದಕ್ಕೆ ತಿರುಗುವ ನಾಯಿ ಬದುಕುತ್ತದೆ. ಹಗ್ಗವಿಲ್ಲದೆ ಹೊರಗೆ ಒಯ್ಯಲೇಬಾರದು. ನೆರೆಯಲ್ಲಿ ಮಡಿಯ ಮನೆಗಳಿವೆ, ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ಮುಂಚೆ ತೊಳೆದುಕೊಳ್ಳಬೇಕಾದ ಮನೆಗಳಿವೆ. ಅವರ ಅಂಗಳಕ್ಕೆ ನಮ್ಮ ನಾಯಿ ನುಗ್ಗಬಾರದು.

ಇನ್ನು ಅಡಿಕೆ ಮರಕ್ಕೆ ಹಗಲಿರುಳು ಕಟ್ಟಿಹಾಕುವ ಪದ್ಧತಿ. ಅದು ಕಾವಲಲ್ಲ, ಹಿಂಸೆ. ಸದಾ ಕಟ್ಟಿದ ನಾಯಿ ಬರಬರುತ್ತ ಕಚ್ಚುವ ನಾಯಿಯಾಗುತ್ತದೆ. ಕಾಡಂಚಿನಲ್ಲಿ ರಾತ್ರಿ ಹೊರಗೆ ಕಟ್ಟುವುದು ಚಿರತೆಗೆ ಒಪ್ಪಿಸಿದಂತೆ.

ಮಳೆ ಬಂದ ಮೇಲೆ

ನೆಂದು ಬಂದ ನಾಯಿಯ ಕಿವಿ, ಬೆರಳ ಸಂದಿಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಕಜ್ಜಿ, ಕಿವಿನೋವು ಬಿಡುವುದಿಲ್ಲ. ಕಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಬಂದರೆ ತಲೆ ಕೆಳಗೆ ಮಾಡಿ ನೀರಿನಿಂದ ಬಾಯಿ ತೊಳೆದು ವೈದ್ಯರಿಗೆ ತೋರಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಕಚ್ಚಿದರೆ

ಲಸಿಕೆ ಹಾಕಿದ ಮನೆಯ ಮರಿಯೇ ಆಗಲಿ, ಹಲ್ಲು ತಾಗಿ ರಕ್ತ ಬಂದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. ಅದೇ ದಿನ ಹೋಗಿ, ವೈದ್ಯರು ಬರೆದುಕೊಟ್ಟ ಎಲ್ಲ ದಿನಗಳಂದೂ ಚುಚ್ಚುಮದ್ದು ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.